ಮನೆಯ ಹೊಣೆ ಮತ್ತು ರಾಜ್ಯದ ಬೊಕ್ಕಸ: ಓಲಾಸ್ಕಿಯವರ ಕರುಣಾವಿಚಾರದ ಒಂದು ವಿಮರ್ಶೆ

ಬಡವನ ಹೊಣೆ ಮೊದಲು ಯಾರದು ಎಂಬ ಪ್ರಶ್ನೆ ಧರ್ಮಶಾಸ್ತ್ರಗಳಷ್ಟೇ ಹಳೆಯದು. ಅವನ ರಕ್ತಸಂಬಂಧಿಗಳದೋ, ಅವನೊಡನೆ ಒಂದೆಡೆ ಕೂಡಿ ಪ್ರಾರ್ಥಿಸುವವರದೋ, ಇಲ್ಲವೆ ಅವನ ಮುಖವನ್ನೆಂದೂ ಕಾಣದ ರಾಜ್ಯಾಡಳಿತದ್ದೋ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಪ್ರಶ್ನೆ ಪಂಡಿತರ ಚರ್ಚೆಯಾಗಿ ಉಳಿಯದೆ ಶಾಸನದ ರೂಪವನ್ನೇ ತಾಳಿತು. ಅದಕ್ಕೆ ನೈತಿಕವಾದ ತಳಹದಿಯನ್ನು ಒದಗಿಸಿದ ಗ್ರಂಥಗಳಲ್ಲಿ ಮಾರ್ವಿನ್ ಓಲಾಸ್ಕಿಯವರ ‘ದಿ ಟ್ರ್ಯಾಜಿಡಿ ಆಫ್ ಅಮೆರಿಕನ್ ಕಂಪ್ಯಾಷನ್’ ಪ್ರಮುಖವಾದುದು. ೧೯೯೨ರಲ್ಲಿ ಪ್ರಕಟವಾದಾಗ ಇದನ್ನು ಗಮನಿಸಿದವರು ಹೆಚ್ಚು ಮಂದಿ ಇರಲಿಲ್ಲ. ೧೯೯೫ರಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷಪೀಠವನ್ನೇರಿದ ನ್ಯೂಟ್ ಗಿಂಗ್ರಿಚ್ ಅವರು ತಮ್ಮ ಪಕ್ಷದ ಹೊಸ ಸದಸ್ಯರಿಗೆ ಇದರ ಪ್ರತಿಗಳನ್ನು ಹಂಚಿದ ಮೇಲೆ ಗ್ರಂಥದ ಹೆಸರು ಎಲ್ಲೆಡೆ ಹರಡಿತು. ಮರುವರ್ಷ, ೧೯೯೬ರ ಆಗಸ್ಟ್ ೨೨ರಂದು, ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಅಂಕಿತ ಹಾಕಿದ ಕಾನೂನು ತನ್ನ ಶಿರೋನಾಮೆಯಲ್ಲಿಯೇ ‘ವೈಯಕ್ತಿಕ ಹೊಣೆಗಾರಿಕೆ’ ಎಂಬ ಮಾತನ್ನು ಹೊತ್ತಿತ್ತು.

ಗ್ರಂಥಕರ್ತರ ಜೀವನವೃತ್ತಾಂತ ಇಲ್ಲಿ ಅಪ್ರಸ್ತುತವಲ್ಲ. ೧೯೫೦ರಲ್ಲಿ ಯೆಹೂದ್ಯ ಮನೆತನದಲ್ಲಿ ಜನಿಸಿದ ಓಲಾಸ್ಕಿಯವರು ಹರೆಯದಲ್ಲಿ ನಾಸ್ತಿಕರಾಗಿ, ೧೯೭೦ರ ದಶಕದ ಮೊದಲಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ಸೇರಿ, ಅದನ್ನೂ ತೊರೆದು, ೧೯೭೬ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದವರು. ಮುಂದೆ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಪ್ರಾಧ್ಯಾಪಕರಾದರು. ಬಡತನವನ್ನು ರಾಜ್ಯವೇ ನೀಗಬೇಕೆಂಬ ಪಂಥದಲ್ಲಿ ಒಮ್ಮೆ ನಿಂತಿದ್ದವರು ಅದಕ್ಕೆ ತೀರ ವಿರುದ್ಧವಾದ ನಿಲುವಿಗೆ ಬಂದುದರಿಂದ ಬರವಣಿಗೆಯಲ್ಲಿ ಮತಾಂತರ ಹೊಂದಿದವರ ಆವೇಶ ಅಲ್ಲಲ್ಲಿ ಕೇಳಿಬರುತ್ತದೆ. ಆದರೆ ಆವೇಶವೊಂದರಿಂದಲೇ ಹುಟ್ಟಿದ ಪುಸ್ತಕ ಇದಲ್ಲ. ಹತ್ತೊಂಬತ್ತನೆಯ ಶತಮಾನದ ಧರ್ಮಸಂಸ್ಥೆಗಳ ವರದಿಗಳನ್ನೂ ಪಾದ್ರಿಗಳ ಉಪದೇಶಗಳನ್ನೂ ಶ್ರಮಪಟ್ಟು ಓದಿ ಸಿದ್ಧಪಡಿಸಿದ ಇತಿಹಾಸ ಇದರ ಬೆನ್ನೆಲುಬು.

ಗ್ರಂಥದ ಪ್ರತಿಪಾದನೆ ಒಂದು ಶಬ್ದದ ಸುತ್ತ ಬೆಳೆಯುತ್ತದೆ. ‘ಕಂಪ್ಯಾಷನ್’ ಎಂಬ ಇಂಗ್ಲಿಷ್ ಶಬ್ದದ ಲ್ಯಾಟಿನ್ ಮೂಲಕ್ಕೆ ಜೊತೆಯಲ್ಲಿ ನೋವುಣ್ಣುವುದು ಎಂದು ಅರ್ಥ. ಕನ್ನಡದಲ್ಲಿ ಬಳಕೆಯಲ್ಲಿರುವ ‘ಅನುಕಂಪ’ವೂ ವ್ಯುತ್ಪತ್ತಿಯಲ್ಲಿ ಇದಕ್ಕೆ ಹತ್ತಿರದ್ದೇ, ಮತ್ತೊಬ್ಬನ ನಡುಕದೊಡನೆ ತಾನೂ ನಡುಗುವುದು ಅದರ ಮೂಲಾರ್ಥ. ಈ ಅರ್ಥ ಕ್ರಮೇಣ ಸವೆದು, ದೂರದಲ್ಲಿ ನಿಂತು ಮರುಗುವುದು ಅಥವಾ ತೆರಿಗೆಯ ಹಣವನ್ನು ಕಳುಹಿಸಿ ಸುಮ್ಮನಾಗುವುದು ಎಂಬಷ್ಟಕ್ಕೆ ಇಳಿದುದೇ ಅಮೆರಿಕದ ಕರುಣೆಯ ದುರಂತವೆಂಬುದು ಓಲಾಸ್ಕಿಯವರ ವಾದ. ಹಳೆಯ ಕ್ರೈಸ್ತ ದಾನಧರ್ಮದ ಲಕ್ಷಣಗಳನ್ನು ಅವರು ಇಂಗ್ಲಿಷ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳಿಗೆ ಹೊಂದಿಸಿ ಹೇಳುತ್ತಾರೆ. ಮೊದಲನೆಯದು ಸಂಬಂಧದ ಪುನಃಸ್ಥಾಪನೆ. ಕೈಯೊಡ್ಡಿ ಬಂದವನಿಗೆ ಕೊಡುವ ಮುನ್ನ ಅವನಿಗೆ ತಂದೆತಾಯಿ, ಒಡಹುಟ್ಟಿದವರು, ಹಿಂದಿನ ಯಜಮಾನ, ಸಭೆಯ ಬಾಂಧವರು ಇದ್ದಾರೆಯೇ ಎಂದು ವಿಚಾರಿಸಿ, ಕಡಿದುಹೋದ ನಂಟನ್ನು ಮತ್ತೆ ಕೂಡಿಸಲು ಯತ್ನಿಸುವುದು. ಯಾರೂ ಇಲ್ಲದವನಿಗೆ ಸೇವಕನೊಬ್ಬ ತಾನೇ ಬಂಧುವಿನಂತೆ ಕಟ್ಟುಬೀಳುವುದು ಎರಡನೆಯದು. ಅರ್ಹರನ್ನು ವಿಂಗಡಿಸುವುದು, ವಂಚಕರನ್ನು ಗುರುತಿಸುವ ವಿವೇಚನೆ, ದುಡಿಮೆ, ಸ್ವಾತಂತ್ರ್ಯ, ಕೊನೆಗೆ ದೇವರು ಎಂದು ಪಟ್ಟಿ ಮುಗಿಯುತ್ತದೆ. ಅಕ್ಷರಗಳ ಈ ಜೋಡಣೆ ನೆನಪಿಗೆ ಅನುಕೂಲವೇ ಹೊರತು ತರ್ಕಕ್ಕೆ ಅಲ್ಲ. ಮೊದಲ ಎರಡು ಲಕ್ಷಣಗಳಲ್ಲಿರುವ ತೂಕ ಉಳಿದವುಗಳಲ್ಲಿಲ್ಲ.

ಈ ಮೊದಲ ಲಕ್ಷಣಕ್ಕೆ ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ ಅವರ ಪ್ರಯೋಗ ಶ್ರೇಷ್ಠ ನಿದರ್ಶನ. ೧೮೧೯ರಲ್ಲಿ ಗ್ಲಾಸ್ಗೋ ನಗರದ ಸೇಂಟ್ ಜಾನ್ ಪ್ಯಾರಿಷಿನ ಹೊಣೆ ಹೊತ್ತ ಈ ಪಾದ್ರಿ, ಸುಮಾರು ಹತ್ತು ಸಾವಿರ ಜನರಿದ್ದ ಆ ಬಡ ವಲಯಕ್ಕೆ ಕಡ್ಡಾಯದ ತೆರಿಗೆಯಿಂದ ಬರುವ ನೆರವು ಬೇಡವೆಂದರು. ವಲಯವನ್ನು ೨೫ ಭಾಗ ಮಾಡಿ ಒಂದೊಂದಕ್ಕೂ ಒಬ್ಬ ಸೇವಕನನ್ನು ನೇಮಿಸಿದರು. ನೆರವು ಬೇಡಿದವನ ಮನೆಗೆ ಹೋಗಿ, ಅವನಿಂದಲೇ ಏನಾದೀತು, ಅವನ ಬಂಧುಗಳಿಂದ ಏನಾದೀತು, ನೆರೆಹೊರೆಯಿಂದ ಏನಾದೀತು ಎಂದು ಕ್ರಮವಾಗಿ ವಿಚಾರಿಸಿ, ಎಲ್ಲವೂ ಸೋತಲ್ಲಿ ಮಾತ್ರ ಚರ್ಚಿನ ಕಾಣಿಕೆಯ ಹಣವನ್ನು ಮುಟ್ಟುವುದು ಆ ಸೇವಕನ ಕರ್ತವ್ಯವಾಗಿತ್ತು. ವರ್ಷಕ್ಕೆ ೧,೪೦೦ ಪೌಂಡು ತಗಲುತ್ತಿದ್ದ ವೆಚ್ಚ ೨೮೦ ಪೌಂಡಿಗೆ ಇಳಿಯಿತೆಂಬುದು ಪ್ರಸಿದ್ಧ. ಚಾಮರ್ಸ್ ಅವರು ೧೮೨೩ರಲ್ಲಿ ಪ್ಯಾರಿಷನ್ನು ಬಿಟ್ಟರು. ೧೮೩೭ರ ಹೊತ್ತಿಗೆ ಪ್ರಯೋಗವೂ ನಿಂತುಹೋಯಿತು. ೧೮೪೫ರಲ್ಲಿ ಸ್ಕಾಟ್ಲೆಂಡಿನ ಬಡವರ ಕಾನೂನೇ ಬದಲಾಯಿತು. ಒಬ್ಬ ಮಹಾನುಭಾವನ ತೇಜಸ್ಸಿನಲ್ಲಿ ನಡೆದದ್ದು ಅವನ ನಂತರವೂ ನಡೆಯಬಲ್ಲುದೇ ಎಂಬ ಸಂದೇಹಕ್ಕೆ ಎಡೆಯಿದ್ದರೂ, ಆ ಸೇವಕನು ಕೇಳುತ್ತಿದ್ದ ಪ್ರಶ್ನೆಗಳ ಕ್ರಮದಲ್ಲಿ ಮನುಷ್ಯನ ಬಗೆಗಿನ ಒಂದು ಗೌರವವಿದೆ. ಬೇಡಿದವನನ್ನು ಅದು ಒಂಟಿ ಹೊಟ್ಟೆಯೆಂದು ಕಾಣದೆ ಒಂದು ಮನೆಯ ಮಗನೆಂದು ಕಾಣುತ್ತದೆ.

ಇದಕ್ಕೆ ಪ್ರತಿಯಾಗಿ ಓಲಾಸ್ಕಿಯವರು ತಮ್ಮದೇ ಅನುಭವವನ್ನು ನಿಲ್ಲಿಸುತ್ತಾರೆ. ೧೯೯೦ರಲ್ಲಿ ಅವರು ಮನೆಯಿಲ್ಲದವನ ವೇಷದಲ್ಲಿ ವಾಷಿಂಗ್ಟನ್ ನಗರದಲ್ಲಿ ಎರಡು ದಿನ ಅಲೆದರು. ಊಟಕ್ಕೆ, ಬಟ್ಟೆಗೆ ಕೊರತೆಯಾಗಲಿಲ್ಲ. ಬೈಬಲ್ ಬೇಕೆಂದಾಗ ಅದು ಸಿಗಲಿಲ್ಲ. ಈ ಪ್ರಸಂಗದಲ್ಲಿ ನಾಟಕದ ಅಂಶ ಇಲ್ಲದಿಲ್ಲ. ಎರಡು ದಿನದ ನಂತರ ಹಿಂದಿರುಗಲು ಮನೆಯಿರುವವನು ಬಡತನವನ್ನು ಕಂಡನೆನ್ನುವುದಕ್ಕಿಂತ ಬಡವರಿಗೆ ಬಡಿಸುವವರನ್ನು ಕಂಡನೆನ್ನುವುದು ಸರಿ. ಆದರೂ ತಟ್ಟೆ ತುಂಬಿಸಿದವರು ಬಂದವನ ಬಾಳಿನ ವಿಚಾರವನ್ನೇ ಎತ್ತಲಿಲ್ಲವೆಂಬ ಅವರ ಆಕ್ಷೇಪ ಹುಸಿಯಲ್ಲ.

ಇಂಥ ವಿಚಾರಗಳಿಗೆ ಕ್ರೈಸ್ತಶಾಸ್ತ್ರದ ಆಧಾರ ಗಟ್ಟಿಯಾಗಿಯೇ ಇದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಐದನೆಯ ಅಧ್ಯಾಯ ಸ್ವಂತ ಮನೆಯವರನ್ನು ಪೋಷಿಸದವನನ್ನು ನಂಬಿಕೆಯಿಲ್ಲದವನಿಗಿಂತ ಕೆಳಗಿಡುತ್ತದೆ. ಕೆಲಸ ಮಾಡಲೊಲ್ಲದವನಿಗೆ ಊಟದ ಹಕ್ಕಿಲ್ಲವೆಂಬ ಭಾವ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ. ಮಾರ್ಕನ ಸುವಾರ್ತೆಯಲ್ಲಿ ಬರುವ ‘ಕೊರ್ಬಾನ್’ ಪ್ರಸಂಗ ಇನ್ನೂ ತೀಕ್ಷ್ಣವಾದುದು. ತಂದೆತಾಯಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪೆಂದು ಹೇಳಿ ಹೊಣೆಯಿಂದ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ದೇವರ ಹೆಸರಿನಲ್ಲಿಯೂ ತಪ್ಪಿಸಿಕೊಳ್ಳಲಾಗದ ಋಣದಿಂದ ಸರ್ಕಾರದ ಹೆಸರಿನಲ್ಲಿ ತಪ್ಪಿಸಿಕೊಳ್ಳಬಹುದೇ ಎಂದು ಸಂಪ್ರದಾಯನಿಷ್ಠ ಕ್ರೈಸ್ತರು ಕೇಳುವುದು ಸಹಜವಾಗಿದೆ.

ಸರ್ಕಾರದ ನೆರವು ಕುಟುಂಬವನ್ನು ಒಡೆದ ನಿದರ್ಶನಗಳೂ ಅವರ ಪಕ್ಷಕ್ಕೆ ಬಲ ಕೊಡುತ್ತವೆ. ೧೯೩೫ರ ಸಾಮಾಜಿಕ ಭದ್ರತಾ ಕಾನೂನಿನಡಿ ಅವಲಂಬಿತ ಮಕ್ಕಳಿಗೆ ದೊರೆಯತೊಡಗಿದ ಸಹಾಯಧನಕ್ಕೆ ತಂದೆ ಸತ್ತಿರಬೇಕು, ಅಶಕ್ತನಾಗಿರಬೇಕು, ಇಲ್ಲವೆ ಮನೆಯಲ್ಲಿ ಇಲ್ಲದಿರಬೇಕು ಎಂಬ ನಿಬಂಧನೆಯಿತ್ತು. ಕೆಲಸ ಕಳೆದುಕೊಂಡ ಗಂಡ ಮನೆಯಲ್ಲಿದ್ದರೆ ಹೆಂಡತಿ ಮಕ್ಕಳಿಗೆ ಹಣವಿಲ್ಲ. ಅವನು ಹೊರಟುಹೋದರೆ ಉಂಟು. ೧೯೬೧ರಲ್ಲಿ ಈ ಕಟ್ಟನ್ನು ಸಡಿಲಿಸುವ ಅವಕಾಶ ಪ್ರಾಂತಗಳಿಗೆ ದೊರೆಯಿತಾದರೂ ಅದು ಎಲ್ಲರಿಗೂ ಕಡ್ಡಾಯವಾದದ್ದು ೧೯೮೮ರ ಕಾನೂನಿನಿಂದ. ಅಲಬಾಮ ಪ್ರಾಂತದಲ್ಲಂತೂ ತಾಯಿಯ ಬಳಿಗೆ ಗಂಡಸೊಬ್ಬ ಬಂದುಹೋಗುತ್ತಾನೆಂಬ ಕಾರಣಕ್ಕೆ ಅವನನ್ನೇ ಮಕ್ಕಳ ಬದಲಿ ತಂದೆಯೆಂದು ಎಣಿಸಿ ಸಹಾಯವನ್ನು ನಿಲ್ಲಿಸುತ್ತಿದ್ದರು. ಆ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ೧೯೬೮ರಲ್ಲಿ ತಳ್ಳಿಹಾಕಿತು. ತಂದೆಯ ಗೈರುಹಾಜರಿಗೆ ಬೆಲೆ ಕಟ್ಟಿದ ಆಡಳಿತವನ್ನು ಓಲಾಸ್ಕಿಯವರಂಥವರು ಟೀಕಿಸಿದರೆ ಅದನ್ನು ನಿರ್ದಯೆಯೆಂದು ತಳ್ಳಿಬಿಡುವುದು ಅನ್ಯಾಯ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಗ್ರಂಥದ ದೊಡ್ಡ ಕೊರತೆಯನ್ನು ಎತ್ತಿ ಹೇಳಲೇಬೇಕಾಗುತ್ತದೆ. ಕುಟುಂಬವನ್ನು ಉಳಿಸಿದ್ದು ಖಾಸಗಿ ಧರ್ಮಕಾರ್ಯ, ಒಡೆದದ್ದು ಸರ್ಕಾರ ಎಂಬ ಅದರ ಚಿತ್ರ ಇತಿಹಾಸದೆದುರು ನಿಲ್ಲುವುದಿಲ್ಲ. ಇದಕ್ಕೆ ಸಾಕ್ಷಿ ಓಲಾಸ್ಕಿಯವರು ಮೆಚ್ಚಿ ಬರೆದ ಚಾರ್ಲ್ಸ್ ಲೋರಿಂಗ್ ಬ್ರೇಸ್ ಅವರ ಕಾರ್ಯವೇ. ದೇವತಾಶಾಸ್ತ್ರವನ್ನು ಓದಿದ್ದ ಬ್ರೇಸ್ ಅವರು ೧೮೫೩ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ನೆರವಿನ ಸಂಘವನ್ನು ಸ್ಥಾಪಿಸಿದರು. ಬೀದಿಯಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಒಟ್ಟುಗೂಡಿಸಿ ಪಶ್ಚಿಮದ ರೈತಕುಟುಂಬಗಳಿಗೆ ಕಳುಹಿಸಿದರೆ ಒಳ್ಳೆಯ ಮನೆ, ಒಳ್ಳೆಯ ದುಡಿಮೆ, ಒಳ್ಳೆಯ ಧರ್ಮ ಮೂರೂ ದೊರೆಯುವುವೆಂಬುದು ಅವರ ನಂಬಿಕೆ. ೧೮೫೪ರಲ್ಲಿ ಮೊದಲ ತಂಡ ಮಿಷಿಗನ್ ಪ್ರಾಂತದ ಡೊವಾಜಿಯಾಕ್ ಎಂಬ ಊರಿನಲ್ಲಿ ಇಳಿಯಿತು. ೧೯೨೯ರವರೆಗೆ ನಡೆದ ಈ ‘ಅನಾಥರ ರೈಲು’ಗಳಲ್ಲಿ, ಬೇರೆ ಸಂಸ್ಥೆಗಳು ಕಳುಹಿಸಿದವರೂ ಸೇರಿ, ಹೋದ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೆ ಕಡಮೆಯಿಲ್ಲವೆಂದು ಅಂದಾಜು. ಊರಿನ ಸಭಾಭವನದಲ್ಲೋ ಚರ್ಚಿನಲ್ಲೋ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ರೈತರು ಬಂದು ನೋಡಿ ಆರಿಸಿಕೊಳ್ಳುತ್ತಿದ್ದರು. ಅಣ್ಣನೊಂದು ಊರಿಗೆ, ತಂಗಿಯೊಂದು ಊರಿಗೆ ಹೋದದ್ದು ವಿರಳವಲ್ಲ. ಇವರಲ್ಲಿ ಅನೇಕರು ಅನಾಥರೇ ಆಗಿರಲಿಲ್ಲವೆಂಬುದು ಮುಖ್ಯ. ತಂದೆಯೋ ತಾಯಿಯೋ ಬದುಕಿದ್ದರು, ಸಾಕಲು ಶಕ್ತಿಯಿರಲಿಲ್ಲ. ಕ್ಯಾಥೊಲಿಕ್ ವಲಸಿಗರ ಮಕ್ಕಳು ಪ್ರೊಟೆಸ್ಟಂಟ್ ಮನೆಗಳನ್ನು ಸೇರುತ್ತಿರುವುದನ್ನು ಕಂಡು ಕ್ಯಾಥೊಲಿಕರು ೧೮೬೩ರಲ್ಲಿ ತಮ್ಮದೇ ಮಕ್ಕಳ ಆಶ್ರಯವನ್ನು ನ್ಯೂಯಾರ್ಕಿನಲ್ಲಿ ತೆರೆದರು. ಹಲವು ಮಕ್ಕಳಿಗೆ ಹೊಸ ಮನೆಗಳಲ್ಲಿ ಪ್ರೀತಿ ಸಿಕ್ಕಿತೆಂಬುದೂ ನಿಜವೇ. ಆದರೆ ತಾಯಿಗೆ ಕೊಡಬಹುದಾಗಿದ್ದ ನೆರವನ್ನು ಕೊಡದೆ ಮಗುವನ್ನೇ ರೈಲು ಹತ್ತಿಸಿದ್ದು ಯಾವ ಸರ್ಕಾರವೂ ಅಲ್ಲ. ಅದು ಸಜ್ಜನರು, ದೈವಭಕ್ತರು, ಸ್ವಂತ ಇಚ್ಛೆಯಿಂದ ನಡೆಸಿದ ಕಾರ್ಯ. ಸಂಬಂಧವನ್ನು ಮತ್ತೆ ಕೂಡಿಸಬೇಕೆಂಬ ಓಲಾಸ್ಕಿಯವರ ಮೊದಲ ಲಕ್ಷಣವನ್ನು ಅವರದೇ ಕಥಾನಾಯಕರಲ್ಲೊಬ್ಬರು ಹೀಗೆ ಮುರಿದಿದ್ದಾರೆ.

ಈ ಗಾಯಕ್ಕೆ ಔಷಧವಾಗಿಯೇ ಸರ್ಕಾರದ ಸಹಾಯಧನ ಹುಟ್ಟಿತೆಂಬುದನ್ನು ನೆನೆದರೆ ಕಥೆಯ ಸ್ವರೂಪವೇ ಬದಲಾಗುತ್ತದೆ. ೧೯೦೯ರ ಜನವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅವರು ಅವಲಂಬಿತ ಮಕ್ಕಳ ವಿಚಾರವಾಗಿ ಕರೆದ ಸಮ್ಮೇಳನ, ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆಂದು ತೀರ್ಮಾನಿಸಿತು. ಅಂಥ ತಾಯಂದಿರಿಗೆ ನೆರವು ಖಾಸಗಿ ದಾನದಿಂದಲೇ ಬಂದರೆ ಉತ್ತಮವೆಂದು ಸಮ್ಮೇಳನ ಭಾವಿಸಿತ್ತು. ಆದರೆ ಆ ದಾನ ಸಾಲಲಿಲ್ಲ. ೧೯೧೧ರಲ್ಲಿ ಇಲಿನಾಯ್ ಪ್ರಾಂತ ತಾಯಂದಿರ ಮಾಸಾಶನವನ್ನು ಪ್ರಾಂತವ್ಯಾಪಿಯಾಗಿ ಜಾರಿಗೆ ತಂದಿತು. ೧೯೨೦ರ ವೇಳೆಗೆ ನಲವತ್ತು ಪ್ರಾಂತಗಳು ಅದೇ ದಾರಿಯನ್ನು ಹಿಡಿದವು. ಖಾಸಗಿ ಧರ್ಮಸಂಸ್ಥೆಗಳ ಮುಂದಾಳುಗಳಲ್ಲಿ ಮೇರಿ ರಿಚ್ಮಂಡ್ ಮೊದಲಾದವರು ಇದನ್ನು ವಿರೋಧಿಸಿದ್ದು ಗಮನಾರ್ಹ. ೧೯೩೫ರ ಕಾನೂನಿನ ಸಹಾಯಧನ ಈ ಮಾಸಾಶನದ ಮಗುವೇ. ತಾಯಿ ಮಗುವನ್ನು ಒಂದೇ ಸೂರಿನಡಿ ಇರಿಸಬೇಕೆಂಬ ಸಂಪ್ರದಾಯನಿಷ್ಠವಾದ ಹಂಬಲದಿಂದ ಹುಟ್ಟಿದ ವ್ಯವಸ್ಥೆಯನ್ನು ೧೯೯೬ರಲ್ಲಿ ಕುಟುಂಬದ ಹೆಸರಿನಲ್ಲಿಯೇ ಕೊನೆಗಾಣಿಸಲಾಯಿತು.

ಓಲಾಸ್ಕಿಯವರು ಗೌರವದಿಂದ ಸ್ಮರಿಸುವ ಜೋಸೆಫಿನ್ ಶಾ ಲೊವೆಲ್ ಅವರ ಬಾಳೂ ಅವರ ವಾದಕ್ಕೆ ಪೂರ್ತಿ ಅನುಕೂಲವಾಗಿಲ್ಲ. ೧೮೮೨ರಲ್ಲಿ ನ್ಯೂಯಾರ್ಕಿನ ಧರ್ಮಸಂಘಟನಾ ಸಂಸ್ಥೆಯನ್ನು ಕಟ್ಟಿದ ಈ ವಿಧವೆ, ಅರ್ಹತೆಯ ವಿಚಾರಣೆಯಿಲ್ಲದೆ ಕಾಸನ್ನೂ ಕೊಡಬಾರದೆಂಬ ನಿಷ್ಠುರ ಪಕ್ಷದವರು. ಆ ಕಾಲದಲ್ಲಿ ನೆರವು ಬೇಡಿಬಂದ ಗಂಡಸರನ್ನು ಮೊದಲು ಸೌದೆಯ ಅಂಗಳಕ್ಕೂ ಹೆಂಗಸರನ್ನು ಹೊಲಿಗೆಯ ಕೋಣೆಗೂ ಕಳುಹಿಸಿ ದುಡಿಯುವ ಮನಸ್ಸುಂಟೋ ಇಲ್ಲವೋ ಎಂದು ಪರೀಕ್ಷಿಸುವ ಪದ್ಧತಿಯಿತ್ತು. ಸೌದೆ ಒಡೆಯಲು ಮನಸ್ಸಿರುವವನಿಗೂ ಊರಿನಲ್ಲಿ ಕೂಲಿಯೇ ಸಾಲದಿದ್ದರೇನು ಗತಿ ಎಂಬ ಪ್ರಶ್ನೆ ಲೊವೆಲ್ ಅವರನ್ನು ಕಾಡಿರಬೇಕು. ೧೮೮೯ರಲ್ಲಿ ಪ್ರಾಂತದ ಧರ್ಮಕಾರ್ಯ ಮಂಡಲಿಯಿಂದ ಹೊರಬಂದು ಅವರು ತಮ್ಮ ಉಳಿದ ಶಕ್ತಿಯನ್ನು ದುಡಿಯುವ ಹೆಂಗಸರ ಕೂಲಿ ಮತ್ತು ಕೆಲಸದ ಪರಿಸ್ಥಿತಿಗಳ ಸುಧಾರಣೆಗೆ ವಿನಿಯೋಗಿಸಿದರು.

ವಿವೇಚನೆಯೆಂಬ ನಾಲ್ಕನೆಯ ಲಕ್ಷಣದ ಬಗ್ಗೆಯೂ ಒಂದು ಮಾತು. ಯೋಗ್ಯರನ್ನು ಅಯೋಗ್ಯರಿಂದ ಬೇರ್ಪಡಿಸುವ ಅಧಿಕಾರ ಸ್ಥಳೀಯರ ಕೈಯಲ್ಲಿದ್ದರೆ ಕ್ಷೇಮವೆಂದು ಗ್ರಂಥ ನಂಬುತ್ತದೆ. ತಾಯಂದಿರ ಮಾಸಾಶನದ ಕಾಲದಲ್ಲಿ ಆ ವಿವೇಚನೆ ಆಫ್ರಿಕಾ ಮೂಲದ ತಾಯಂದಿರನ್ನು ಬಹುಪಾಲು ಹೊರಗೇ ಇಟ್ಟಿತು. ೧೯೬೦ರಲ್ಲಿ ಲೂಯಿಸಿಯಾನ ಪ್ರಾಂತ ‘ಯೋಗ್ಯ ಮನೆ’ಯ ನಿಯಮವನ್ನು ಮುಂದಿಟ್ಟು ಸುಮಾರು ೨೩,೦೦೦ ಮಕ್ಕಳನ್ನು ಸಹಾಯದ ಪಟ್ಟಿಯಿಂದ ತೆಗೆದುಹಾಕಿತು, ಅವರಲ್ಲಿ ಹೆಚ್ಚಿನವರು ಆ ಜನಾಂಗದವರೇ. ಅದು ಸರ್ಕಾರದ ಕೃತ್ಯವೇ ಹೌದು, ಆದರೆ ನಡೆದದ್ದು ಊರವರ ನೈತಿಕ ತೀರ್ಪಿನ ಹೆಸರಿನಲ್ಲಿ. ಹತ್ತಿರದಿಂದ ನೋಡುವ ಕಣ್ಣು ಯಾವಾಗಲೂ ನ್ಯಾಯದ ಕಣ್ಣಾಗಿರುವುದಿಲ್ಲ.

ಕ್ರೈಸ್ತಶಾಸ್ತ್ರವನ್ನೇ ಪೂರ್ತಿಯಾಗಿ ಓದಿದರೂ ಅದು ಕುಟುಂಬದ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ತಿಮೊಥೆಯನಿಗೆ ಬರೆದ ಅದೇ ಅಧ್ಯಾಯದಲ್ಲಿ, ಬಂಧುಗಳಿರುವ ವಿಧವೆಯನ್ನು ಬಂಧುಗಳು ಸಾಕಲಿ, ಯಾರೂ ಇಲ್ಲದವಳ ಭಾರವನ್ನು ಸಭೆ ಹೊರಲಿ ಎಂಬ ಎರಡು ಮಜಲುಗಳ ವ್ಯವಸ್ಥೆಯಿದೆ. ಮೋಶೆಯ ಧರ್ಮಶಾಸ್ತ್ರದ ಹಕ್ಕಲಿನ ವಿಧಿ ಇನ್ನೂ ವಿಚಾರಣೀಯ. ಹೊಲದ ಅಂಚನ್ನು ಕೊಯ್ಯದೆ, ಉದುರಿದ ತೆನೆಯನ್ನು ಆಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದುದು ಈ ವಿಧಿಯ ಬಲದಿಂದಲೇ. ಬಡವಳು ಬಾಗಿ ದುಡಿದೇ ಕಾಳನ್ನು ಕೂಡಿಸಬೇಕೆಂಬುದರಲ್ಲಿ ಓಲಾಸ್ಕಿಯವರಿಗೆ ಸಮಾಧಾನವಿದೆ. ಆದರೆ ಅಂಚನ್ನು ಬಿಡುವುದು ಹೊಲದೊಡೆಯನ ಇಚ್ಛೆಗೆ ಸೇರಿದ್ದಲ್ಲ, ಅದು ಶಾಸನ; ಬಂದವಳ ನಡತೆಯನ್ನು ವಿಚಾರಿಸುವ ಅಧಿಕಾರವನ್ನೂ ಆ ವಿಧಿ ಅವನಿಗೆ ಕೊಟ್ಟಿಲ್ಲ. ಸಮಾರ್ಯದವನ ದೃಷ್ಟಾಂತದಲ್ಲಂತೂ ಗಾಯಗೊಂಡವನು ನೆಂಟನೂ ಅಲ್ಲ, ಸ್ವಜಾತಿಯವನೂ ಅಲ್ಲ. ೧೮೯೧ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಹೊರಡಿಸಿದ ‘ರೇರುಂ ನೊವಾರುಂ’ ಎಂಬ ಪ್ರಸಿದ್ಧ ಪತ್ರ ಕುಟುಂಬದೊಳಗೆ ರಾಜ್ಯ ಮನಬಂದಂತೆ ತಲೆಹಾಕುವುದನ್ನು ಉಗ್ರವಾಗಿ ಖಂಡಿಸುತ್ತದೆ. ಅದೇ ಪತ್ರ, ಸ್ನೇಹಿತರ ಆಸರೆಯೂ ಇಲ್ಲದೆ ಕಡುಕಷ್ಟಕ್ಕೆ ಸಿಲುಕಿದ ಕುಟುಂಬಕ್ಕೆ ಸಾರ್ವಜನಿಕ ನೆರವು ಸಲ್ಲಬೇಕೆಂದೂ ಒಪ್ಪುತ್ತದೆ. ಹೀಗೆ ಮೂರನೆಯ ಮಜಲೊಂದು ಸಂಪ್ರದಾಯದ ಒಳಗೇ ಇದೆ. ಚಾಮರ್ಸ್ ಅವರ ಸೇವಕನು ಕ್ರಮವಾಗಿ ಮೇಲೇರಿದ ಮೆಟ್ಟಿಲುಗಳನ್ನು ಓಲಾಸ್ಕಿಯವರು ಅಕ್ಕರೆಯಿಂದ ಎಣಿಸುತ್ತಾರೆ. ಕೊನೆಯ ಮೆಟ್ಟಿಲನ್ನು ಮಾತ್ರ ಎಣಿಕೆಗೆ ಸೇರಿಸಲು ಒಲ್ಲರು.

ಸಂಪ್ರದಾಯನಿಷ್ಠರೊಳಗೆ ೧೯೯೬ರ ಕಾನೂನಿನ ಬಗ್ಗೆ ಒಮ್ಮತವಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಸಹಾಯ ಪಡೆಯುತ್ತಿರುವ ತಾಯಿಗೆ ಮತ್ತೊಂದು ಮಗುವಾದರೆ ಹೆಚ್ಚಿನ ಹಣ ಕೊಡಬಾರದೆಂಬ ಸಲಹೆಯನ್ನು ಕ್ಯಾಥೊಲಿಕ್ ಬಿಷಪ್ಪರೂ ಗರ್ಭಪಾತ ವಿರೋಧಿ ಚಳವಳಿಯ ಪ್ರಮುಖ ಸಂಸ್ಥೆಯೂ ಎದುರಿಸಿದರು. ಅದು ಬಡ ತಾಯಂದಿರನ್ನು ಗರ್ಭಪಾತದ ಕಡೆಗೆ ದೂಡೀತೆಂಬ ಭಯ ಅವರದು. ಕಾನೂನಿನ ಫಲವೂ ಒಂದೇ ಬಗೆಯದಲ್ಲ. ಒಕ್ಕೂಟ ಸರ್ಕಾರದ ನಗದು ನೆರವಿಗೆ ಜೀವಮಾನದಲ್ಲಿ ೬೦ ತಿಂಗಳ ಮಿತಿ ಬಂತು. ಶತಮಾನದ ಕೊನೆಯ ವರ್ಷಗಳಲ್ಲಿ ಒಂಟಿ ತಾಯಂದಿರು ಹೆಚ್ಚಿನ ಸಂಖ್ಯೆಯಲ್ಲಿ ಉದ್ಯೋಗ ಹಿಡಿದರು. ಮಕ್ಕಳ ಬಡತನವೂ ಇಳಿಯಿತು. ಓಲಾಸ್ಕಿಯವರ ಪಕ್ಷದವರು ಇದನ್ನು ಹೆಮ್ಮೆಯಿಂದ ತೋರಿಸುವುದರಲ್ಲಿ ತಪ್ಪಿಲ್ಲ. ಆದರೆ ೧೯೯೬ರಲ್ಲಿ ಮಕ್ಕಳಿರುವ ನೂರು ಬಡ ಕುಟುಂಬಗಳಿದ್ದಲ್ಲಿ ೬೮ ಕುಟುಂಬಗಳಿಗೆ ಸಮನಾಗಿ ತಲುಪುತ್ತಿದ್ದ ನಗದು ನೆರವು ೨೦೨೦ರಲ್ಲಿ ೨೧ಕ್ಕೆ ಇಳಿದಿತ್ತು. ಪ್ರಾಂತಗಳಿಗೆ ವರ್ಷಕ್ಕೆ ಸುಮಾರು ೧,೬೫೦ ಕೋಟಿ ಡಾಲರು ಎಂದು ಗೊತ್ತುಮಾಡಿದ ಮೊತ್ತವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಲಿಲ್ಲ. ಸರ್ಕಾರ ಹಿಂದೆ ಸರಿದರೆ ಆ ತೆರವನ್ನು ಚರ್ಚುಗಳೂ ಬಂಧುಗಳೂ ತುಂಬುವರೆಂಬ ಗ್ರಂಥದ ನಿರೀಕ್ಷೆ ಈ ಪ್ರಮಾಣದಲ್ಲಿ ಕೈಗೂಡಲಿಲ್ಲ. ೨೦೦೧ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಶ್ವೇತಭವನದಲ್ಲಿ ಧಾರ್ಮಿಕ ಸೇವಾಸಂಸ್ಥೆಗಳಿಗಾಗಿ ಕಚೇರಿಯೊಂದನ್ನು ತೆರೆದಾಗ ಅದರ ಮೊದಲ ನಿರ್ದೇಶಕ ಜಾನ್ ಡಿಯುಲಿಯೊ ಅದೇ ವರ್ಷ ಹೊರನಡೆದರು. ಧರ್ಮಸಂಸ್ಥೆಗಳು ಸರ್ಕಾರದ ಅನುದಾನಕ್ಕೆ ಕಟ್ಟುಬೀಳುವುದಕ್ಕಿಂತ ದಾನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಲೇಸೆಂದು ಓಲಾಸ್ಕಿಯವರೂ ಹೇಳುತ್ತ ಬಂದರು.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ೨೦೨೧ರ ಫೆಬ್ರವರಿಯಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟರ್ ಮಿಟ್ ರೋಮ್ನಿ ಅವರು ಆರು ವರ್ಷದೊಳಗಿನ ಮಗುವಿಗೆ ತಿಂಗಳಿಗೆ ೩೫೦ ಡಾಲರು, ದೊಡ್ಡ ಮಗುವಿಗೆ ೨೫೦ ಡಾಲರು ಕೊಡುವ ಯೋಜನೆಯೊಂದನ್ನು ಕುಟುಂಬರಕ್ಷಣೆಯ ಹೆಸರಿನಲ್ಲಿಯೇ ಮುಂದಿಟ್ಟರು. ಅದೇ ಪಕ್ಷದ ಮಾರ್ಕೊ ರೂಬಿಯೊ ಮತ್ತು ಮೈಕ್ ಲೀ ಅವರು, ದುಡಿಮೆಯ ನಿಬಂಧನೆಯಿಲ್ಲದ ಹಣ ಹಳೆಯ ಸಹಾಯಧನವೇ ಹೊರತು ಬೇರೆಯಲ್ಲವೆಂದು ವಿರೋಧಿಸಿದರು. ಆ ವರ್ಷದ ಜುಲೈಯಿಂದ ಡಿಸೆಂಬರಿನವರೆಗೆ ಡೆಮೊಕ್ರಾಟಿಕ್ ಸರ್ಕಾರ ಮಕ್ಕಳ ಲೆಕ್ಕದಲ್ಲಿ ಮನೆಮನೆಗೆ ತಿಂಗಳ ಹಣವನ್ನು ಕಳುಹಿಸಿತು. ಯಾರ ಮನೆಗೂ ಸೇವಕನೊಬ್ಬ ಬಂದು ಬಂಧುಗಳ ವಿಚಾರ ಕೇಳಲಿಲ್ಲ. ಓಲಾಸ್ಕಿಯವರ ಏಳು ಲಕ್ಷಣಗಳಲ್ಲಿ ಬಹುಶಃ ಒಂದೂ ಅದಕ್ಕಿರಲಿಲ್ಲ. ಪೂರಕ ಮಾನದಂಡದ ಪ್ರಕಾರ ಮಕ್ಕಳ ಬಡತನ ೨೦೨೧ರಲ್ಲಿ ಶೇಕಡ ೫.೨ಕ್ಕೆ ಇಳಿಯಿತು. ಹಣ ನಿಂತ ಮೇಲೆ, ೨೦೨೨ರಲ್ಲಿ, ಅದು ಶೇಕಡ ೧೨.೪ಕ್ಕೆ ಏರಿತು.